ಬಾಯಿ ಮುಕ್ಕಳಿಸುವ ಸುನ್ನತ್ ಮತ್ತು ನಮ್ಮ ಮಕ್ಕಳ ಹಲ್ಲುಗಳು

ಜೀವವಿರುವ ಎಲ್ಲವನ್ನೂ ಅಲ್ಲಾಹನು ನೀರಿನಿಂದ ಉಂಟುಮಾಡಿದನೆಂದು ಪವಿತ್ರ ಕುರ್‌ಆನ್ (ಅಲ್ ಅಂಬಿಯಾ: 30) ತಿಳಿಸುತ್ತದೆ. ದಿನಕ್ಕೆ ಐದು ಹೊತ್ತಿನ ನಮಾಝಿಗಾಗಿ ವುಝೂ ಮಾಡಿ, ಪ್ರತಿ ಸಲವೂ ಬಾಯಿ ಮುಕ್ಕಳಿಸುವ ಸಮುದಾಯ ನಮ್ಮದು. ಆದರೂ ಬಸವಕಲ್ಯಾಣ, ಹುಮನಾಬಾದಿನ ನಮ್ಮ ಮನೆಗಳಲ್ಲಿ ಹುಳುಕು ಹಲ್ಲಿನ ನೋವಿನಿಂದ ರಾತ್ರಿಯೆಲ್ಲ ಅಳುವ ಮಕ್ಕಳು ಅಪರೂಪವಲ್ಲ. ಇದಕ್ಕೆ ಕಾರಣವೇನು?

ನಾವು ಮುಕ್ಕಳಿಸುವಿಕೆಯನ್ನು ವುಝೂವಿನ ಒಂದು ವಿಧಿಯೆಂದು ಮಾತ್ರ ತಿಳಿದುಕೊಂಡೆವು. ಅದರ ಹಿಂದಿನ ಶಿಕ್ಷಣವನ್ನು ಮರೆತೆವು. ಪ್ರವಾದಿ ಮುಹಮ್ಮದ್(ಸ) ಹಾಲು ಕುಡಿದ ಬಳಿಕ ಬಾಯಿ ಮುಕ್ಕಳಿಸಿದರು ಮತ್ತು ಹಾಲಿನಲ್ಲಿ ಜಿಡ್ಡಿದೆಯೆಂದು ಕಾರಣವನ್ನೂ ತಿಳಿಸಿದರು. ಖೈಬರ್‌ನ ವರ್ಷ ಸಹ್‌ಬಾ ಎಂಬಲ್ಲಿ ಅವರೂ ಸಹಾಬಿಗಳೂ ಹುರಿಹಿಟ್ಟು ತಿಂದರು. ಮಗ್ರಿಬ್ ವೇಳೆಗೆ ಬಾಯಿ ಮುಕ್ಕಳಿಸಿ, ಹೊಸದಾಗಿ ವುಝೂ ಮಾಡದೆಯೇ ನಮಾಝ್ ನಿರ್ವಹಿಸಿದರು. ಎರಡೂ ಘಟನೆಗಳು ಸಹೀಹ್ ಬುಖಾರಿಯಲ್ಲಿವೆ. ಎರಡನೆಯದನ್ನು ಗಮನಿಸಿರಿ. ಅಲ್ಲಿ ವುಝೂ ಇರಲಿಲ್ಲ, ಮುಕ್ಕಳಿಸುವಿಕೆ ಇತ್ತು. ಅಂದರೆ ತಿಂದ ಬಳಿಕ ಬಾಯನ್ನು ನೀರಿನಿಂದ ಶುಚಿಗೊಳಿಸುವುದೇ ಒಂದು ಸ್ವತಂತ್ರ ಸುನ್ನತ್.

ಇಂದಿನ ದಂತವೈದ್ಯರು ಹೇಳುವುದೂ ಇದಕ್ಕೆ ಹೊಂದಿಕೊಳ್ಳುತ್ತದೆ. ನಾವು ಸಿಹಿ ತಿಂದಾಗ ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆ ಆಮ್ಲವು ಹಲ್ಲಿನ ಹೊರಪದರವಾದ ಎನಾಮಲ್‌ನಿಂದ ಖನಿಜಗಳನ್ನು ಕರಗಿಸುತ್ತದೆ. ಇದನ್ನು ಸರಿಪಡಿಸುವುದು ಜೊಲ್ಲು. ಅದಕ್ಕೆ ಅರ್ಧ ಗಂಟೆಗೂ ಹೆಚ್ಚು ಸಮಯ ಬೇಕು. ನೀರು ಸಕ್ಕರೆಯನ್ನು ತೊಳೆಯುತ್ತದೆ. ಸಾಕಷ್ಟು ನೀರು ಕುಡಿದರೆ ಬಾಯಿ ಒಣಗದೆ ಜೊಲ್ಲು ಚೆನ್ನಾಗಿ ಹರಿಯುತ್ತದೆ. ದಿನವಿಡೀ ಸಕ್ಕರೆಯ ಚಹಾ, ಮಧ್ಯೆ ಮಧ್ಯೆ ಬಿಸ್ಕತ್ತು ಎಂದಾದರೆ ಜೊಲ್ಲಿಗೆ ಬಿಡುವೆಲ್ಲಿ?

ನಮ್ಮ ವಲೀಮಾಗಳನ್ನು ನೋಡೋಣ. 250 ಮಿಲಿ ಲೀಟರ್‌ನ ಒಂದು ತಂಪು ಪಾನೀಯದಲ್ಲಿ ಸುಮಾರು 25 ಗ್ರಾಂ ಸಕ್ಕರೆಯಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯಂತೆ ವಯಸ್ಕರೊಬ್ಬರಿಗೆ ಇಡೀ ದಿನಕ್ಕೆ ಅಷ್ಟಕ್ಕೆ ನಿಲ್ಲಿಸುವುದು ಉತ್ತಮ. ಅದನ್ನು ನಾವು ಐದು ವರ್ಷದ ಮಗುವಿನ ಕೈಗೆ ಪ್ರೀತಿಯಿಂದ ಕೊಡುತ್ತೇವೆ! ರಮಝಾನ್‌ನಲ್ಲಿ ಇಫ್ತಾರ್‌ನ ಶರಬತ್ತಿನಿಂದ ಸಹರಿಯ ಚಹಾದವರೆಗೆ ಸಿಹಿಯೇ ಸಿಹಿ. ಬೇಸಿಗೆಯ ಬಿಸಿಲಿನಲ್ಲಿ ಉಪವಾಸವಿದ್ದು ಒಣಗಿದ ಬಾಯಿಗೆ ಬೇಕಾದುದು ಮೊದಲು ನೀರು. ಖರ್ಜೂರ ತಿಂದ ಬಳಿಕ ನೀರು ಕುಡಿದು, ಚೆನ್ನಾಗಿ ಬಾಯಿ ಮುಕ್ಕಳಿಸುವುದು ಕಷ್ಟದ ಕೆಲಸವೇ?

ನೀರಿದ್ದರೆ ಮಿಸ್ವಾಕ್ ಬೇಡವೆಂದು ಇದರ ಅರ್ಥವಲ್ಲ. ಸಮುದಾಯಕ್ಕೆ ಕಷ್ಟವಾಗದಿದ್ದರೆ ಪ್ರತಿ ನಮಾಝಿನ ವೇಳೆಯೂ ಮಿಸ್ವಾಕ್ ಮಾಡಲು ಆಜ್ಞಾಪಿಸುತ್ತಿದ್ದೆ ಎಂಬರ್ಥದ ಪ್ರವಾದಿವಚನ ಎಲ್ಲರಿಗೂ ಗೊತ್ತು. ಹಲ್ಲುಗಳ ಮೇಲೆ ಅಂಟಿಕೊಂಡ ಪದರವು ಉಜ್ಜದೆ ಹೋಗುವುದಿಲ್ಲ. ಉಜ್ಜುವುದೂ ಬೇಕು, ತೊಳೆಯುವುದೂ ಬೇಕು.

ಇನ್ನೊಂದು ವಿಷಯವಿದೆ. ಎಲ್ಲ ನೀರೂ ಒಂದೇ ಅಲ್ಲ. ಕುಡಿಯುವ ನೀರಿನಲ್ಲಿ ಅಲ್ಪ ಫ್ಲೋರೈಡ್ ಹಲ್ಲನ್ನು ಗಟ್ಟಿಗೊಳಿಸುತ್ತದೆ. ಮಿತಿಮೀರಿದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಮಾಸದ ಕಲೆ ಮೂಡಿಸುತ್ತದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಣೀಯ. ಬೇರೆ ಮೂಲವಿಲ್ಲದಿದ್ದಾಗ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಪಾವಗಡ, ಮುಂಡರಗಿಯಂತಹ ಕಡೆಗಳ ಜನರು ಕೊಳವೆ ಬಾವಿಯ ನೀರಿನಿಂದ ಈ ತೊಂದರೆ ಅನುಭವಿಸಿದ್ದಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆದುದರಿಂದ ನಮ್ಮ ಮಸೀದಿ, ಮದ್ರಸಾಗಳ ಕೊಳವೆ ಬಾವಿಯ ನೀರನ್ನು ಪರೀಕ್ಷಿಸಿಯೇ ಮಕ್ಕಳಿಗೆ ಕುಡಿಯಲು ಕೊಡಬೇಕು.

ಬೀದರಿನ ನೌಬಾದಿನಲ್ಲಿ ನೆಲದಡಿ ಕರೇಜ್ ಕೊರೆಯಿಸಿ ಊರಿಗೆ ನೀರು ತಂದವರ ನಾಡು ನಮ್ಮದು. ತಾಯಿಯ ಹೆಸರಲ್ಲಿ ಬಾವಿ ತೋಡಿಸಿದ ಸಅದ್ ಬಿನ್ ಉಬಾದಾ(ರ)ರ ಮಾದರಿಯೂ ನಮ್ಮ ಮುಂದಿದೆ. ಮದ್ರಸಾದಲ್ಲಿ ಒಂದು ಶುದ್ಧ ನೀರಿನ ಘಟಕ ಇಡಿಸುವುದು, ವಲೀಮಾದಲ್ಲಿ ಬಣ್ಣದ ಬಾಟಲಿಗಳ ಬದಲು ನೀರು ಮತ್ತು ಮಜ್ಜಿಗೆ ಕೊಡುವುದು ಇಂದಿನ ಸದಕಾ. ಶರೀರವು ಅಲ್ಲಾಹನ ಅಮಾನತ್. ಹಲ್ಲುಗಳೂ ಅದರ ಭಾಗವೇ. ಮಕ್ಕಳ ವಿಷಯದಲ್ಲಿ ಆ ಅಮಾನತ್ತಿನ ಕುರಿತು ಪ್ರಶ್ನೆಗೊಳಗಾಗುವವರು ಹೆತ್ತವರಾದ ನಾವು. ಅದನ್ನು ಕಾಪಾಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.