ನಾಯಿಯ ವಾಂತಿ ಊರಿಗೊಂದು ಎಚ್ಚರಿಕೆ

ಮಲೆನಾಡಿನ ಮನೆಗಳಲ್ಲಿ ನಾಯಿ ವಾಂತಿ ಮಾಡಿದರೆ ‘ಹುಲ್ಲು ತಿಂದಿರಬೇಕು, ತಾನೇ ಸರಿಹೋಗುತ್ತದೆ’ ಎಂದು ಸುಮ್ಮನಾಗುವುದೇ ರೂಢಿ. ಹಲವು ಬಾರಿ ಆ ಮಾತು ನಿಜವೂ ಹೌದು. ಹಳಸಿದ ಅನ್ನ ತಿಂದೋ, ಅವಸರದಲ್ಲಿ ನುಂಗಿಯೋ ಆದ ವಾಂತಿ ಒಂದೆರಡು ಸಲಕ್ಕೆ ನಿಲ್ಲುತ್ತದೆ.

ಆದರೆ ಎಲ್ಲ ವಾಂತಿಯೂ ಒಂದೇ ಬಗೆಯದಲ್ಲ. ಲಸಿಕೆ ಕಾಣದ ಮರಿಯಲ್ಲಿ ವಾಂತಿಯೊಡನೆ ರಕ್ತಭೇದಿಯೂ ಕಂಡರೆ ಅದು ಪಾರ್ವೋ ರೋಗವಿರಬಹುದು. ಹೊಟ್ಟೆ ಉಬ್ಬಿ, ಎಷ್ಟು ಓಕರಿಸಿದರೂ ಏನೂ ಹೊರಬಾರದಿದ್ದರೆ ಜಠರ ತಿರುಚಿಕೊಂಡಿರುವ ಸಂಭವವುಂಟು; ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಗಂಟಲಲ್ಲಿ ಎಲುಬು ಸಿಕ್ಕಿದಂತೆ ಓಕರಿಸುತ್ತ ಜೊಲ್ಲು ಸುರಿಸುವ ನಾಯಿಯ ಬಾಯಿಗೆ ಕೈ ಹಾಕಲೇಬಾರದು. ರೇಬಿಸ್ ಹಿಡಿದ ನಾಯಿಯೂ ಹೀಗೆಯೇ ತೋರಬಹುದು.

ಇವೆಲ್ಲಕ್ಕಿಂತ ಹೆಚ್ಚಾಗಿ ಊರು ಯೋಚಿಸಬೇಕಾದದ್ದು ಮನುಷ್ಯನೇ ತಂದಿಟ್ಟ ವಿಷದ ಬಗ್ಗೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ಜಠರವನ್ನು ಕೆರಳಿಸಿ ವಾಂತಿ ತರಿಸುತ್ತದೆ. ಇಲಿಪಾಷಾಣವಾಗಿ ಬಳಸುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಡನೆ ಬೆರೆತಾಗ ಫಾಸ್ಫೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಅಂಥ ವಾಂತಿಯ ಗಾಳಿ ಮನೆಯವರಿಗೂ ಅಪಾಯಕರ. ಫೋರೇಟ್‌ನಂಥ ಕೀಟನಾಶಕ ಹೊಟ್ಟೆ ಸೇರಿದರೆ ನಾಯಿ ವಾಂತಿ ಮಾಡಿ, ಜೊಲ್ಲು ಸುರಿಸಿ, ನಡುಗಿ, ಸೆಟೆದು ಬೀಳುತ್ತದೆ. ಫೋರೇಟ್ ಬಳಕೆ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷಿದ್ಧ. ನಿಷೇಧ ಬಂದ ಮಾತ್ರಕ್ಕೆ ಕೊಟ್ಟಿಗೆಯ ಅಟ್ಟದಲ್ಲಿ ಉಳಿದ ಹಳೆಯ ಪೊಟ್ಟಣದ ವಿಷ ಇಳಿಯುವುದಿಲ್ಲ.

ಹಂದಿಗೆಂದೋ ಚಿರತೆಗೆಂದೋ ಇಟ್ಟ ವಿಷ ಆರಿಸಿ ಕೊಲ್ಲುವುದಿಲ್ಲ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷ ಬೆರೆಸಿದ ಹಸುವಿನ ಕಳೇಬರ ತಿಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತವು. ಅಂಥ ಕಳೇಬರಕ್ಕೆ ನರಿ, ಹದ್ದು, ಊರ ನಾಯಿ ಎಲ್ಲವೂ ಬಾಯಿಹಾಕುತ್ತವೆ. ಕಾಡಿನೊಳಗಿನ ಸಾವು ಹಲವು ವೇಳೆ ಯಾರಿಗೂ ತಿಳಿಯದೆ ಹೋಗುತ್ತದೆ. ನಾಯಿ ಮಾತ್ರ ಅಂಗಳಕ್ಕೆ ಬಂದು ಕಾರಿಕೊಳ್ಳುತ್ತದೆ. ಒಂದೇ ಕೇರಿಯಲ್ಲಿ ಎರಡು ಮೂರು ನಾಯಿಗಳು ಒಟ್ಟಿಗೆ ವಾಂತಿ ಮಾಡಿದರೆ ಗ್ರಾಮಸ್ಥರು ಪಶುವೈದ್ಯರಿಗೂ ಅರಣ್ಯ ಇಲಾಖೆಗೂ ಕೂಡಲೇ ತಿಳಿಸುವುದು ಅಗತ್ಯ.

ವಿಷ ತಿಂದಿರುವ ಶಂಕೆಯಿದ್ದಾಗ ಉಪ್ಪುನೀರು ಕುಡಿಸಿ ಬಲವಂತದಿಂದ ಕಾರಿಸುವುದು ತರವಲ್ಲ. ವಿಷದ ಪೊಟ್ಟಣ ಸಿಕ್ಕರೆ ಅದರೊಡನೆ ನಾಯಿಯನ್ನು ಪಶು ಆಸ್ಪತ್ರೆಗೆ ಒಯ್ಯಬೇಕು. ಔಷಧಿಯ ಡಬ್ಬಿಗಳಿಗೆ ಬೀಗವಿರಬೇಕು. ಸಿಂಪಡಣೆಯ ದಿನ ನಾಯಿಯನ್ನು ಕಟ್ಟಿಹಾಕಬೇಕು.

ದನ ಕಳೆದುಕೊಂಡ ರೈತನ ಸಂಕಟ ಸುಳ್ಳಲ್ಲ. ಪರಿಹಾರ ತಡವಾದಷ್ಟೂ ವಿಷದ ಡಬ್ಬಿಯತ್ತ ಕೈ ಚಾಚುತ್ತದೆಂಬುದನ್ನು ಸರ್ಕಾರವೂ ಅರಿಯಬೇಕು. ಆದರೆ ಆ ಸಿಟ್ಟಿಗೆ ಮೊದಲು ಬಲಿಯಾಗುವುದು ಅದೇ ರೈತನ ಮನೆ ಕಾಯುವ ನಾಯಿಯೇ ಆಗಬಹುದು; ನಾಳೆ ಅದೇ ಅಂಗಳದಲ್ಲಿ ಆಡುವ ಮಗುವೂ ಆಗಬಹುದು.