ಹಾವಿನ ಅಧ್ಯಯನ ದಂಡದ ಖರ್ಚಲ್ಲ: ಆಕ್ಷೇಪಗಳಿಗೆ ಉತ್ತರ

ಮುಂಗಾರು ಬಿದ್ದು ತೊಗರಿ ಬಿತ್ತನೆ ಶುರುವಾಯಿತೆಂದರೆ ಕಲಬುರಗಿಯ ದವಾಖಾನೆಗಳಿಗೆ ಹಾವು ಕಡಿದವರು ಬರತೊಡಗುತ್ತಾರೆ. ನಮ್ಮ ಕುಸನೂರ ಈಗ ನಗರದೊಳಗೆ ಸೇರಿದ ಊರು, ಆದರೂ ಈ ಭಯ ತಪ್ಪಿಲ್ಲ. ಖಾಲಿ ಸೈಟುಗಳ ಹುಲ್ಲಿನಲ್ಲಿ, ಮನೆ ಹಿಂದೆ ಒಟ್ಟಿದ ತೊಗರಿ ಕಟ್ಟಿಗೆಯಲ್ಲಿ, ಕುಳ್ಳಿನ ರಾಶಿಯಲ್ಲಿ ಇಲಿ ಸೇರುತ್ತವೆ, ಇಲಿಯ ಹಿಂದೆ ಹಾವು ಬರುತ್ತವೆ. ಕಮಲಾಪುರದ ಕಡೆ ರಾತ್ರಿ ಕರೆಂಟು ಬಂದಾಗ ಬಾಳೆ ತೋಟಕ್ಕೆ ನೀರು ಬಿಡಲು ಹೋಗುವ ರೈತರ ಪಾಡು ಇನ್ನೂ ಕಷ್ಟದ್ದು. ಹಾವಿನ ವಿಷದ ಬಗ್ಗೆ ಈಚಿನ ವರ್ಷಗಳಲ್ಲಿ ವಿಜ್ಞಾನಿಗಳು ಕಂಡುಕೊಂಡದ್ದನ್ನು ಹೇಳಹೊರಟಾಗಲೆಲ್ಲ ನನಗೆ ಕೆಲವು ಆಕ್ಷೇಪಗಳು ಎದುರಾಗುತ್ತವೆ. ಆಡುವವರಲ್ಲಿ ಬಂಧುಗಳಿದ್ದಾರೆ, ಓದಿದವರಿದ್ದಾರೆ, ಅವರ ಮೇಲೆ ನನಗೆ ಗೌರವವೂ ಇದೆ. ಆದರೆ ಈ ಮಾತುಗಳನ್ನು ನಂಬಿ ಜನ ಸಾಯುತ್ತಿದ್ದಾರೆ. ಸುಮ್ಮನಿರಲು ಆಗುವುದಿಲ್ಲ.

“ನಮ್ಮ ಊರಾಗ ಹಸರು ಔಷಧ ಕೊಡೋರು ಇದ್ದಾರ್ರಿ. ಎಷ್ಟ ಮಂದಿ ಬದುಕ್ಯಾರ. ದವಾಖಾನಿ ಯಾಕ ಬೇಕು?” ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಇದು.

ಬದುಕಿದ್ದು ನಿಜ. ಏಕೆ ಬದುಕಿದರು ಎಂಬುದಕ್ಕೆ ಉತ್ತರ ಮಾತ್ರ ಬೇರಿನಲ್ಲಿಲ್ಲ, ಹಾವಿನಲ್ಲಿದೆ. ಭಾರತದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ, ಅವುಗಳಲ್ಲಿ ಮನುಷ್ಯನ ಪ್ರಾಣ ತೆಗೆಯಬಲ್ಲವು ಸ್ವಲ್ಪವೇ. ನಮ್ಮ ಬಯಲು ಸೀಮೆಯಲ್ಲಿ ಮುಖ್ಯವಾಗಿ ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕೇರೆಹಾವು, ನೀರುಹಾವು, ತೋಳಹಾವು ಕಡಿದರೆ ಗಾಯವಾಗುತ್ತದೆ, ಜೀವ ಹೋಗುವುದಿಲ್ಲ. ವಿಷದ ಹಾವು ಕೂಡ ಕಡಿದಾಗಲೆಲ್ಲ ವಿಷ ಬಿಡುವುದಿಲ್ಲ. ವಿಷ ಅದರ ಬೇಟೆಯ ಬಂಡವಾಳ, ಬೆದರಿಸಿ ಓಡಿಸಲು ಬರಿಗಡಿತವೇ ಸಾಕಾಗುವ ಸಂದರ್ಭಗಳಿವೆ. ಇಂಥ ಕಡಿತ ಉಂಡವರು ಬೇರು ಅರೆದು ಕುಡಿದರೂ ಬದುಕುತ್ತಾರೆ, ಬರೀ ನೀರು ಕುಡಿದರೂ ಬದುಕುತ್ತಾರೆ. ಅವರ ಕತೆ ಊರೂರು ಸುತ್ತಿ ಔಷಧದ ಹೆಸರು ಬೆಳೆಯುತ್ತದೆ. ಅದೇ ಔಷಧ ಕುಡಿದು ಸತ್ತವರ ವಿಷಯಕ್ಕೆ ಬಂದಾಗ “ತಡಾ ಆಗಿತ್ತು”, “ಪಥ್ಯ ತಪ್ಪಿತ್ತು” ಎನ್ನುತ್ತೇವೆ. ಉಳಿದವರನ್ನೆಲ್ಲ ಔಷಧದ ಲೆಕ್ಕಕ್ಕೆ, ಸತ್ತವರನ್ನೆಲ್ಲ ಹಣೆಬರಹದ ಲೆಕ್ಕಕ್ಕೆ ಬರೆಯುತ್ತ ಹೋದರೆ ಅದು ಪರೀಕ್ಷೆಯಾಗುವುದಿಲ್ಲ.

ಕಟ್ಟುಹಾವಿನ ಸಂಗತಿ ನೋಡಿ. ಅದು ರಾತ್ರಿ ಸಂಚರಿಸುವ ಪ್ರಾಣಿ, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಡಿಯುತ್ತದೆ. ನೋವು ಹೆಚ್ಚಿರುವುದಿಲ್ಲ, ಬಾವು ಬರುವುದಿಲ್ಲ, ಹಲ್ಲಿನ ಗುರುತೂ ಎಷ್ಟೋ ಸಲ ಕಾಣುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು, ವಾಂತಿ. ಮನೆಯವರು ಅಜವಾನದ ನೀರು ಕುಡಿಸುತ್ತಾರೆ. ಹೊತ್ತೇರುವಷ್ಟರಲ್ಲಿ ಕಣ್ಣರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಉಸಿರು ಕಟ್ಟುತ್ತದೆ. ಈ ಹಾವಿನ ನಡೆ ಬಲ್ಲ ಡಾಕ್ಟರು ಮಳೆಗಾಲದ ಹೊಟ್ಟೆನೋವಿನ ರೋಗಿಗೆ ಮೊದಲು ಕೇಳುವ ಪ್ರಶ್ನೆ “ರಾತ್ರಿ ಎಲ್ಲಿ ಮಲಗಿದ್ದಿ?” ಎಂದು. ಆ ಒಂದು ಪ್ರಶ್ನೆ ಹುಟ್ಟಿದ್ದು ಹೊಲ, ಬಣವಿ, ಬದುಗಳಲ್ಲಿ ಹಾವನ್ನು ವರ್ಷಗಟ್ಟಲೆ ಗಮನಿಸಿದವರ ತಿಳಿವಳಿಕೆಯಿಂದ. ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿ ಎಂಬ ಸಲಹೆ ಕೂಡ ಅಲ್ಲಿಂದಲೇ ಬಂದದ್ದು.

ಮಂಡಲದ ಹಾವುಗಳ ವಿಷ ಬೇರೆ ದಾರಿ ಹಿಡಿಯುತ್ತದೆ. ಅದು ರಕ್ತದ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಇದನ್ನು ಪತ್ತೆಹಚ್ಚಲು ದೊಡ್ಡ ಯಂತ್ರ ಬೇಡ. ರೋಗಿಯ ಸ್ವಲ್ಪ ರಕ್ತವನ್ನು ಶುಚಿಯಾದ, ಒಣಗಿದ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ವಾಲಿಸಿ ನೋಡಿದರಾಯಿತು. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ ಎಂದರ್ಥ. ಇಂಥ ರೋಗಿಯ ಕಾಲನ್ನು ಬ್ಲೇಡಿನಿಂದ ಕೊಯ್ದು “ವಿಷರಕ್ತ” ತೆಗೆಯಲು ಹೋದರೆ ರಕ್ತ ನಿಲ್ಲುವುದಿಲ್ಲ. ಹಗ್ಗದಿಂದ ಬಿಗಿದು ಕಟ್ಟಿದರೆ ಮಾಂಸ ಕೊಳೆಯುತ್ತದೆ. ಊರಿನ ಔಷಧ ಕೊಡುವ ಹಿರಿಯರಲ್ಲಿ ನನ್ನ ಕೈಜೋಡಿಸಿದ ವಿನಂತಿ ಇಷ್ಟೆ: ಜನ ನಿಮ್ಮ ಮಾತು ಕೇಳುತ್ತಾರೆ, ಧೈರ್ಯ ಹೇಳಿ, ಗಾಡಿ ಹತ್ತಿಸಿ ಕಳಿಸಿ. ಆ ಒಂದು ತಾಸು ನಿಮ್ಮ ಅಂಗಳದಲ್ಲಿ ಕಳೆಯದಿರಲಿ.

ಎರಡನೆಯ ಆಕ್ಷೇಪಕ್ಕೆ ತೂಕವಿದೆ. “ದವಾಖಾನಿಗಿ ಹೋದವರೂ ಸತ್ತಾರಲ್ಲ? ಇಂಜೆಕ್ಷನ್ ಮ್ಯಾಲ ಇಂಜೆಕ್ಷನ್ ಮಾಡಿದ್ರೂ ಉಳೀಲಿಲ್ಲ. ಮತ್ತ ನಿಮ್ಮ ವಿಜ್ಞಾನ ಏನ್ ಮಾಡ್ತು?”

ಸತ್ತಿದ್ದಾರೆ, ಹೌದು. ಅದಕ್ಕೆ ಕಾರಣಗಳು ಹಲವು. ತಡವಾಗಿ ಬರುವುದು ಮೊದಲನೆಯದು. ಪ್ರತಿವಿಷಕ್ಕೆ ಕೆಲವರ ಮೈ ತೀವ್ರವಾಗಿ ಪ್ರತಿಕ್ರಿಯಿಸುತ್ತದೆಂಬ ಅಂಜಿಕೆಯಿಂದ ಸಣ್ಣ ಆಸ್ಪತ್ರೆಗಳಲ್ಲಿ ಒಂದು ಡೋಸನ್ನೂ ಕೊಡದೆ ದೊಡ್ಡ ಆಸ್ಪತ್ರೆಗೆ ಬರೆದುಕೊಡುವುದು ಇನ್ನೊಂದು. ಅಡ್ರಿನಲಿನ್ ಕೈಯಳತೆಯಲ್ಲಿಟ್ಟುಕೊಂಡರೆ ಆ ಪ್ರತಿಕ್ರಿಯೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನಿಭಾಯಿಸಬಹುದು. ಮಕ್ಕಳಿಗೆ ಕಡಿಮೆ ಔಷಧ ಸಾಕೆಂಬ ತಪ್ಪು ಎಣಿಕೆಯೂ ಉಂಟು. ಹಾವು ಮಗುವಿಗೆಂದು ವಿಷ ಕಡಿಮೆ ಬಿಡುವುದಿಲ್ಲ, ಆದ್ದರಿಂದ ಮಗುವಿಗೂ ದೊಡ್ಡವರಷ್ಟೇ ಪ್ರತಿವಿಷ ಬೇಕು. ಕೊಳಕುಮಂಡಲ ಕಡಿದು ಬದುಕಿದವರಲ್ಲೂ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮೊರೆಹೋಗುವವರಿದ್ದಾರೆ.

ಈ ಎಲ್ಲ ಕಾರಣಗಳ ಕೆಳಗೆ ಇನ್ನೊಂದು ಕಾರಣವಿದೆ, ವನ್ಯಜೀವಿ ವಿಜ್ಞಾನ ವೈದ್ಯರ ಕೈಹಿಡಿಯುವುದು ಅಲ್ಲೇ. ನಮ್ಮಲ್ಲಿ ಸಿಗುವ ಪ್ರತಿವಿಷವನ್ನು ತಯಾರಿಸುವ ಬಗೆ ಹೀಗೆ: ನಾಲ್ಕು ಹಾವುಗಳ ವಿಷವನ್ನು ಕುದುರೆಗೆ ಸ್ವಲ್ಪಸ್ವಲ್ಪವಾಗಿ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ತೋರಿಸಿದ ಮಾರ್ಗವೇ ಮೂಲತಃ ಇಂದಿಗೂ ನಡೆದಿದೆ. ವಿಷದ ಬಹುಪಾಲು ಬರುವುದು ಚೆನ್ನೈ ಬಳಿಯ ವಡನೆಮ್ಮೇಲಿಯಲ್ಲಿ 1978ರಲ್ಲಿ ಆರಂಭವಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ. ಇರುಳರ ಆ ಕೌಶಲ ಇಲ್ಲದಿದ್ದರೆ ಈ ದೇಶದಲ್ಲಿ ಇನ್ನೆಷ್ಟು ಜೀವ ಹೋಗುತ್ತಿದ್ದವೋ. ಆದರೆ ಅವರು ಹಿಡಿಯುವುದು ತಮಿಳುನಾಡಿನ ಹಾವುಗಳನ್ನು.

ತಮಿಳುನಾಡಿನ ಕೊಳಕುಮಂಡಲದ ವಿಷ ಬೇರೆ ಸೀಮೆಯ ಕೊಳಕುಮಂಡಲದ ವಿಷದಂತೆಯೇ ಇರುತ್ತದೆಯೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ಹಿಡಿದ ಪ್ರಶ್ನೆ ಇದು. ದೇಶದ ಬೇರೆಬೇರೆ ಭಾಗಗಳ ನಾಗರಹಾವು, ಕೊಳಕುಮಂಡಲಗಳ ವಿಷವನ್ನು ಹೋಲಿಸಿ 2021ರಲ್ಲಿ ಅವರು ಪ್ರಕಟಿಸಿದ ಅಧ್ಯಯನಗಳ ಉತ್ತರ ಸ್ಪಷ್ಟ: ಜಾತಿ ಒಂದೇ ಆದರೂ ಸೀಮೆ ಬದಲಾದಂತೆ ವಿಷದ ಸೇರುವೆಯೂ ಶಕ್ತಿಯೂ ಬದಲಾಗುತ್ತವೆ, ಕೆಲವು ಪ್ರದೇಶಗಳ ವಿಷದ ಎದುರು ಮಾರುಕಟ್ಟೆಯ ಪ್ರತಿವಿಷ ಸೋಲುತ್ತದೆ. 2025ರ ಏಪ್ರಿಲ್‌ನಲ್ಲಿ ಬಂದ ಅಧ್ಯಯನ ಇನ್ನೂ ಮುಂದೆ ಹೋಯಿತು. 34 ಸ್ಥಳಗಳ 115 ಕೊಳಕುಮಂಡಲಗಳ ವಿಷವನ್ನು ಆಯಾ ಊರಿನ ಉಷ್ಣತೆ, ಮಳೆಯ ಲೆಕ್ಕದೊಡನೆ ಇಟ್ಟು ನೋಡಿದಾಗ ವಿಷದ ವ್ಯತ್ಯಾಸಕ್ಕೆ ಹವೆ ಒಂದಿಷ್ಟು ಕಾರಣವೆಂದು ತಿಳಿಯಿತು. ಪ್ರೋಟೀನನ್ನು ಕತ್ತರಿಸುವ ಕಿಣ್ವಗಳ ಚಟುವಟಿಕೆ ಒಣ ಪ್ರದೇಶದ ಹಾವುಗಳಲ್ಲಿ ಹೆಚ್ಚಿರುವ ಒಲವು ಕಂಡಿತು. ಒಣ ಬೇಸಾಯದ ಜಿಲ್ಲೆಯಲ್ಲಿ ಬದುಕುವ ನಮಗೆ ಇದಕ್ಕಿಂತ ಹತ್ತಿರದ ವಿಜ್ಞಾನ ಯಾವುದು? ಎರೆಹೊಲದ ಬದುವಿನಲ್ಲಿ ಕೆಲಸ ಮಾಡುವವನಿಗೆ ಯಾವ ಸೀಮೆಯ ಹಾವಿನಿಂದ ತಯಾರಾದ ಔಷಧ ಬೇಕು ಎಂಬುದು ಇನ್ನು ಮೇಲೆ ಕೇಳಲೇಬೇಕಾದ ಪ್ರಶ್ನೆ.

ಇಂಜೆಕ್ಷನ್ ದಂಡ ಎಂದು ಇದರಿಂದ ಅರ್ಥಮಾಡಿಕೊಳ್ಳಬೇಡಿ. ಇವತ್ತು ಕೈಗೆ ಸಿಗುವ, ಪುರಾವೆ ಇರುವ ಮದ್ದು ಅದೊಂದೇ. ಸರಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಸೀಮೆಯ ವಿಷಕ್ಕೆ ಹೊಂದದಿದ್ದರೆ ಹೆಚ್ಚು ವಯಲ್ ಬೇಕಾಗಬಹುದು, ಫಲ ನಿಧಾನವಾಗಬಹುದು. ಆ ಕೊರತೆ ನೀಗಬೇಕಾದರೆ ಹಾವನ್ನೇ ಓದಬೇಕು. ಆಕ್ಷೇಪ ಎತ್ತುವವರು ತೋರಿಸುವ ಸಾವುಗಳು ಸಂಶೋಧನೆ ಬೇಕೆನ್ನಲು ನನಗೆ ಸಿಗುವ ದೊಡ್ಡ ಆಧಾರ.

ಮೂರನೆಯವರು ಓದಿದವರು. “ಹಾವು, ಮಂಗ, ಹದ್ದು ಇವನ್ನೆಲ್ಲ ಅರಣ್ಯ ಇಲಾಖೆಯವರು ನೋಡಿಕೊಳ್ಳಲಿ. ಮನುಷ್ಯರ ಆರೋಗ್ಯದ ದುಡ್ಡನ್ನು ಪ್ರಾಣಿಗಳ ಮೇಲೆ ಯಾಕೆ ಸುರಿಯಬೇಕು?” ಎನ್ನುತ್ತಾರೆ. ಇದಕ್ಕೆ ಕರ್ನಾಟಕದ ಇತಿಹಾಸವೇ ಉತ್ತರ ಕೊಟ್ಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಸತ್ತ ಮಂಗಗಳನ್ನು ಪರೀಕ್ಷಿಸಿದ್ದರಿಂದಲೇ ಹೊಸ ವೈರಾಣು ಪತ್ತೆಯಾಯಿತು, ಅದನ್ನು ಹರಡುವುದು ಉಣ್ಣೆ ಎಂಬುದು ತಿಳಿಯಿತು. ಮಂಗ ಸತ್ತ ಸುದ್ದಿ ಇಂದಿಗೂ ಮಲೆನಾಡಿನ ಆರೋಗ್ಯ ಇಲಾಖೆಗೆ ಮೊದಲ ಎಚ್ಚರಿಕೆ.

ಹಾವಿನ ವಿಷಕ್ಕೇ ಬರೋಣ. ರಕ್ತದೊತ್ತಡಕ್ಕೆ ಕೊಡುವ ಕ್ಯಾಪ್ಟೊಪ್ರಿಲ್ ಹುಟ್ಟಿದ್ದು ಬ್ರೆಜಿಲ್ಲಿನ ಜರರಾಕ ಎಂಬ ಮಂಡಲ ಜಾತಿಯ ಹಾವಿನ ವಿಷದ ಅಧ್ಯಯನದಿಂದ. ಅಲ್ಲಿನ ಸೆರ್ಜಿಯೊ ಫೆರೇರಾ 1960ರ ದಶಕದಲ್ಲಿ ಕಂಡುಹಿಡಿದ ಅಂಶ ದಾರಿ ತೋರಿತು, 1981ರಲ್ಲಿ ಅಮೆರಿಕದಲ್ಲಿ ಗುಳಿಗೆಗೆ ಒಪ್ಪಿಗೆ ಸಿಕ್ಕಿತು. ಅದೇ ಕುಲದ ಎನಲಾಪ್ರಿಲ್, ರಾಮಿಪ್ರಿಲ್ ಗುಳಿಗೆಗಳು ನಮ್ಮ ಹಿರಿಯರ ದಿಂಬಿನ ಪಕ್ಕದಲ್ಲಿವೆ. ಹೃದಯಾಘಾತದಲ್ಲಿ ರಕ್ತನಾಳ ಮತ್ತೆ ಕಟ್ಟಿಕೊಳ್ಳದಂತೆ ತಡೆಯುವ ಟೈರೋಫೈಬಾನನ್ನು ರೂಪಿಸಿದ್ದು ಗರಗಸ ಮಂಡಲದ ವಿಷದ ಒಂದು ಪ್ರೋಟೀನನ್ನು ಮಾದರಿಯಾಗಿಟ್ಟುಕೊಂಡು. ಕೆಲವು ತಾಯಂದಿರಿಗೆ ಮತ್ತೆ ಮತ್ತೆ ಗರ್ಭ ನಿಲ್ಲದೆ ಹೋಗುವುದಕ್ಕೆ ಕಾರಣವಾಗುವ ರಕ್ತದ ದೋಷವನ್ನು ಪತ್ತೆಹಚ್ಚಲು ಪ್ರಯೋಗಾಲಯಗಳಲ್ಲಿ ಇಂದು ಬಳಸುವುದು ಕೊಳಕುಮಂಡಲದ ವಿಷವನ್ನೇ. ಎದೆನೋವೆಂದು ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗೆ ಓಡುವ ನಾವು, ಹಾವಿನ ಅಧ್ಯಯನ ಮನುಷ್ಯರ ಆರೋಗ್ಯಕ್ಕೆ ಸಂಬಂಧವಿಲ್ಲದ್ದು ಎನ್ನುವುದು ಸಲ್ಲದು.

ಅದೇ ಜನ ಇನ್ನೊಂದು ಅಂಕಿ ತೋರಿಸುತ್ತಾರೆ. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000. ಸಾವುಗಳಲ್ಲಿ ಶೇಕಡಾ 70ರಷ್ಟು ನಡೆದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇಲ್ಲ, ಹಾಗಾಗಿ ನಮಗೇಕೆ ಚಿಂತೆ ಎಂಬುದು ಅವರ ವಾದ. ಆ ಪಟ್ಟಿಯಲ್ಲಿ ತೆಲಂಗಾಣ ಸೇರಿದ ಅಂದಿನ ಆಂಧ್ರವಿದೆ. ನಮ್ಮ ಸೇಡಂ, ಚಿಂಚೋಳಿ ತಾಲೂಕುಗಳ ಆಚೆ ಬದಿಯೇ ತೆಲಂಗಾಣ. ಅದೇ ತೊಗರಿ, ಅದೇ ಇಲಿ, ಅದೇ ಹಾವು. ಗಡಿಕಲ್ಲು ದಾಟಿದ ಕೂಡಲೇ ಕಡಿತ ನಿಲ್ಲುತ್ತದೆಯೇ? ನಮ್ಮಲ್ಲಿ ಸರಿಯಾದ ಲೆಕ್ಕವೇ ಬಹುಕಾಲ ಇರಲಿಲ್ಲ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಆಮೇಲೆ ದಾಖಲಾದ ಪ್ರಕರಣಗಳು ಏರಿದವು. ಹಾವು ಹೆಚ್ಚಾದದ್ದಲ್ಲ, ಎಣಿಕೆ ಶುರುವಾದದ್ದು.

“ಕಂಡಲ್ಲಿ ಹೊಡದ ಹಾಕ್ರಿ, ಮುಗೀತು” ಎನ್ನುವವರಿಗೆ ಉತ್ತರ ಚಿಕ್ಕದು. ಹೊಡೆಯಲು ಹೋದಾಗಲೇ ಕಡಿಸಿಕೊಳ್ಳುವವರು ಬಹಳ. ಹೊಡೆತಕ್ಕೆ ಸಿಗುವುದು ಹೆಚ್ಚಾಗಿ ಹಗಲು ತಿರುಗುವ ಕೇರೆಹಾವು, ನಮ್ಮ ಕಾಳಿನ ಕಣಜ ಕಾಯುವ ಬಡಪಾಯಿ. ರಾತ್ರಿಯ ಕಟ್ಟುಹಾವು ಬಡಿಗೆಗೆ ಸಿಗುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಕೊಲ್ಲುವುದು ಅಪರಾಧವೂ ಹೌದು.

ನಾಗದೋಷದ ಮಾತಿಗೆ ನಾನು ವಾದಕ್ಕಿಳಿಯುವುದಿಲ್ಲ. ಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ಮನೆಯಲ್ಲೇ ನಾನೂ ಬೆಳೆದವನು. ಪೂಜೆ ಪೂಜೆಯ ಹೊತ್ತಿಗೆ ಇರಲಿ. ಕಡಿದ ಮನುಷ್ಯನನ್ನು ಗುಡಿಯ ಕಟ್ಟೆಯ ಮೇಲೆ ಮಲಗಿಸುವುದು ಮಾತ್ರ ನಿಲ್ಲಲಿ.

ಇನ್ನು, ನನ್ನ ಪಕ್ಷದವರೇ ಆದ ಕೆಲವರಿಗೂ ಒಂದು ಉತ್ತರ ಸಲ್ಲಬೇಕು. “ಎಲ್ಲ ಹಾವಿಗೂ ಒಂದೇ ಔಷಧ ಬಂದುಬಿಟ್ಟಿದೆ, ಮೊಬೈಲಿನಲ್ಲಿ ನೋಡಿದೆ” ಎಂದು ಅವರು ಸಂಭ್ರಮಿಸುತ್ತಾರೆ. 2024ರ ಫೆಬ್ರುವರಿಯಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ ಹಾಗೂ ನಮ್ಮ ವಿಜ್ಞಾನ ಸಂಸ್ಥೆಯವರು ಕೂಡಿ ಒಂದು ಮಾನವ ಪ್ರತಿಕಾಯವನ್ನು ರೂಪಿಸಿದ್ದು ನಿಜ. ನಾಗರಹಾವು, ಕಟ್ಟುಹಾವಿನ ಕುಲದವುಗಳ ವಿಷದಲ್ಲಿ ನರಗಳನ್ನು ಕಟ್ಟಿಹಾಕುವ ಒಂದು ಬಗೆಯ ಅಂಶವನ್ನು ಅದು ತಡೆಯುತ್ತದೆ. ಕುದುರೆಯ ನೆರವಿಲ್ಲದೆ ತಯಾರಾಗುವುದರಿಂದ ಅಲರ್ಜಿಯ ಭಯ ಕಡಿಮೆಯಾಗುವ ಆಸೆಯೂ ಇದೆ. ಆದರೆ ಅದರ ಪರೀಕ್ಷೆ ನಡೆದದ್ದು ಇಲಿಗಳ ಮೇಲೆ. ಕೊಳಕುಮಂಡಲ, ಗರಗಸ ಮಂಡಲಗಳ ವಿಷದ ಕೆಲಸವೇ ಬೇರೆ, ಅವಕ್ಕೆ ಇದು ಮದ್ದಲ್ಲ. ಇದು ದೊಡ್ಡ ಹೆಜ್ಜೆ, ನನಗೂ ಸಂತೋಷವಿದೆ. ಈ ಮಳೆಗಾಲಕ್ಕೆ ಮಾತ್ರ ಅದು ಒದಗುವುದಿಲ್ಲ.

ಈ ಮಳೆಗಾಲಕ್ಕೆ ನಾವೇ ಮಾಡಬಹುದಾದದ್ದಿದೆ. ನಿಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಪ್ರತಿವಿಷದ ವಯಲ್ ಎಷ್ಟಿವೆ, ಅಡ್ರಿನಲಿನ್ ಇದೆಯೇ, ರಕ್ತ ಪರೀಕ್ಷೆಗೆ ಗಾಜಿನ ಕೊಳವೆ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯಿಂದ ಬರೆಸಿ ತರಿಸಿ. ಹಾವಿನ ವಿಷದ ಮಾದರಿ ಸಂಗ್ರಹ ಕಲ್ಯಾಣ ಕರ್ನಾಟಕದಲ್ಲೂ ಆಗಲಿ, ಈ ಸೀಮೆಯ ವಿಷಕ್ಕೆ ಪ್ರತಿವಿಷವನ್ನು ಪರೀಕ್ಷಿಸಿ ನೋಡಲಿ ಎಂದು ನಿಮ್ಮ ಶಾಸಕರನ್ನು ಒತ್ತಾಯಿಸಿ. ರಾತ್ರಿ ಹೊಲಕ್ಕೆ ಹೋಗುವಾಗ ಬ್ಯಾಟರಿಯೂ ಕಾಲು ಮುಚ್ಚುವ ಬೂಟೂ ಇರಲಿ. ಹಾವು ಕಡಿದರೆ ಕೊಯ್ಯಬೇಡಿ, ಕಟ್ಟಬೇಡಿ, ಹಾವನ್ನು ಹಿಡಿಯಲು ಹೋಗಬೇಡಿ. ಕೈಕಾಲು ಅಲುಗಿಸದೆ ಮಲಗಿಸಿ, 108ಕ್ಕೆ ಕರೆ ಮಾಡಿ, ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆಗೆ ತಡಮಾಡದೆ ಒಯ್ಯಿರಿ.