ಗೊತ್ತಿದ್ರೆ ಮಾತ್ರ ತಪ್ಪು: ಮಾಲೀಕರನ್ನು ಕಾಯುವ ಒಂದು ಪದ

ಅಮೆರಿಕದಲ್ಲಿ ಕೆಲಸಕ್ಕೆ ಸೇರಿದ ನನ್ನ ಇಂಜಿನಿಯರಿಂಗ್ ಬ್ಯಾಚ್‌ನವರೆಲ್ಲ ಐ-9 ಅನ್ನೋ ಫಾರ್ಮ್ ತುಂಬಿದ್ದಾರೆ. ದಾಖಲೆ ತೋರಿಸಿ, ಸಹಿ ಹಾಕಿ, ಮರೆತೂ ಬಿಟ್ಟಿದ್ದಾರೆ. ಅದೇ ಫಾರ್ಮ್ ಕೋಳಿ ಮಾಂಸದ ಕಾರ್ಖಾನೆಯಲ್ಲಿ ಬೇರೆಯದೇ ಕೆಲಸ ಮಾಡುತ್ತೆ. ಅಲ್ಲಿ ಅದು ಮಾಲೀಕನ ಗುರಾಣಿ.

ಸ್ವಲ್ಪ ಹಿಂದಕ್ಕೆ ಹೋಗೋಣ. ಅಕ್ರಮವಾಗಿ ಬಂದವರಿಗೆ ಆಶ್ರಯ ಕೊಡುವುದು ಅಪರಾಧ ಅಂತ 1952ರ ಅಮೆರಿಕದ ಕಾನೂನು ಹೇಳಿತು. ಜೊತೆಗೇ, ಕೆಲಸ ಕೊಟ್ಟರೆ ಅದನ್ನು ಆಶ್ರಯ ಅಂತ ಪರಿಗಣಿಸಬಾರದು ಅಂತಲೂ ಸೇರಿಸಿತು! 'ಟೆಕ್ಸಸ್ ಪ್ರೊವೈಸೊ' ಎಂದೇ ಹೆಸರಾದ ಈ ವಿನಾಯಿತಿ 34 ವರ್ಷ ಬಾಳಿತು. 1986ರ ನವೆಂಬರ್‌ನಲ್ಲಿ ರೇಗನ್ ಸಹಿ ಹಾಕಿದ ಕಾನೂನು ಮೊದಲ ಬಾರಿಗೆ ಮಾಲೀಕರ ಮೇಲೂ ದಂಡ ಹೇರಿತು. ಮೊದಲ ತಪ್ಪಿಗೆ ಪ್ರತಿ ಕಾರ್ಮಿಕನ ಲೆಕ್ಕದಲ್ಲಿ 250ರಿಂದ 2,000 ಡಾಲರ್. ಆದರೆ ಒಂದು ಷರತ್ತು: ಮಾಲೀಕ 'ಗೊತ್ತಿದ್ದೂ' ನೇಮಿಸಿಕೊಂಡಿರಬೇಕು.

ಹಾಗಾದ್ರೆ ಗೊತ್ತಾಗದಂತೆ ಇರೋದೇ ಜಾಣತನ, ಅಲ್ವಾ? ದಾಖಲೆ ಮೇಲ್ನೋಟಕ್ಕೆ ಅಸಲಿ ಅನ್ನಿಸಿದ್ರೆ ಸಾಕು. ವಿದೇಶಿಯರಂತೆ ಕಾಣುವವರಿಂದ ಹೆಚ್ಚಿನ ಕಾಗದ ಕೇಳಿದರೆ ಅದು ತಾರತಮ್ಯದ ಅಪರಾಧ. ಈ ನಿಯಮ ನ್ಯಾಯವಾದದ್ದೇ, ಆದರೆ ಕಣ್ಣು ಮುಚ್ಚಿಕೊಳ್ಳಬೇಕೆನ್ನುವವರಿಗೆ ಅದೂ ಒಂದು ನೆಪ.

ಕಂಪ್ಯೂಟರ್‌ನಲ್ಲಿ ಚೆಕ್ ಮಾಡಿದ್ರೆ ಮುಗೀತು ಅನ್ನೋ ವಾದವಿದೆ. ಇ-ವೆರಿಫೈ ಇರೋದು ಅದಕ್ಕೇ. ಆದರೆ ಅದು ಮುಖ್ಯವಾಗಿ ನೋಡೋದು ದಾಖಲೆಯ ವಿವರ ಸರ್ಕಾರದ ಕಡತಕ್ಕೆ ಹೊಂದುತ್ತಾ ಅಂತ. ಬೇರೊಬ್ಬರ ಅಸಲಿ ಹೆಸರು, ನಂಬರ್ ಕೊಟ್ಟರೆ ಪಾಸ್ ಆಗಬಹುದು. ಸ್ವಿಫ್ಟ್ ಎಂಬ ಮಾಂಸದ ಕಂಪನಿ ಇದರ ಹಳೆಯ ರೂಪವನ್ನೇ ಬಳಸುತ್ತಿತ್ತು. 2006ರ ಡಿಸೆಂಬರ್‌ನಲ್ಲಿ ಅದರ 6 ಘಟಕಗಳ ಮೇಲೆ ದಾಳಿಯಾಗಿ ಸುಮಾರು 1,300 ಕಾರ್ಮಿಕರು ಬಂಧನಕ್ಕೊಳಗಾದರು. ಕಂಪನಿಯ ಮೇಲೆ ಆರೋಪಪಟ್ಟಿಯೇ ಇಲ್ಲ.

2019ರ ಆಗಸ್ಟ್ 7ರಂದು ಮಿಸಿಸಿಪ್ಪಿಯ ಕೋಳಿ ಕಾರ್ಖಾನೆಗಳಲ್ಲಿ ಒಂದೇ ದಿನ 680 ಜನರ ಬಂಧನ. ಒಂದು ವರ್ಷದ ನಂತರ ಆರೋಪ ಹೊತ್ತವರು ನಾಲ್ವರು ಮ್ಯಾನೇಜರ್ ದರ್ಜೆಯವರು. ಇನ್ನೊಂದು ವಿಷಯ ಗಮನಿಸಿ. ದಾಳಿಗೊಳಗಾದ ಕಂಪನಿಗಳಲ್ಲೊಂದಾದ ಕೋಚ್ ಫುಡ್ಸ್, ಹಿಂದಿನ ವರ್ಷವಷ್ಟೇ ಅಲ್ಲಿನ ಲ್ಯಾಟಿನೋ ಕಾರ್ಮಿಕರಿಗೆ ಕಿರುಕುಳ ಕೊಟ್ಟ ಆರೋಪದ ಮೊಕದ್ದಮೆಯಲ್ಲಿ 37.5 ಲಕ್ಷ ಡಾಲರ್‌ಗೆ ರಾಜಿಯಾಗಿತ್ತು. ಇಂಥ ದಾಳಿ ನೋಡಿದ ಮೇಲೆ ದೂರು ಕೊಡೋಕೆ ಯಾರಿಗೆ ಧೈರ್ಯ ಬರುತ್ತೆ?

ಕೋರ್ಟೂ ಕೈಹಿಡಿಯಲಿಲ್ಲ. ಯೂನಿಯನ್ ಕಟ್ಟಲು ಹೋಗಿ ಕಾನೂನುಬಾಹಿರವಾಗಿ ಕೆಲಸ ಕಳೆದುಕೊಂಡರೂ, ದಾಖಲೆಯಿಲ್ಲದ ಕಾರ್ಮಿಕನಿಗೆ ಹಿಂಬಾಕಿ ವೇತನ ಸಿಗೋದಿಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಹಾಫ್‌ಮನ್ ತೀರ್ಪಿನಲ್ಲಿ ಹೇಳಿತು. ಅಂದ್ರೆ ಇಂಥವರನ್ನು ಓಡಿಸೋದು ಮಾಲೀಕನಿಗೆ ಇನ್ನೂ ಅಗ್ಗ.

ದಂಡ ಹೆಚ್ಚಿಸಿದ್ರೆ? ಬ್ರಿಟನ್ 2024ರಲ್ಲಿ ಮೊದಲ ತಪ್ಪಿನ ಗರಿಷ್ಠ ದಂಡವನ್ನು ತಲಾ 45,000 ಪೌಂಡ್‌ಗೆ ಏರಿಸಿತು. ದೊಡ್ಡ ದಂಡಕ್ಕೆ ಹೆದರುವ ಮಾಲೀಕ ನೇಮಕವನ್ನು ಗುತ್ತಿಗೆದಾರನಿಗೆ ದಾಟಿಸಬಹುದು, ಅಥವಾ ಕಾಗದ ಸರಿಯಿರುವ ವಿದೇಶಿಯರನ್ನೂ ದೂರ ಇಡಬಹುದು. ನನ್ನ ಪ್ರಕಾರ ಮೊದಲು ಆಗಬೇಕಾದ್ದು ಸಂಬಳ, ಸುರಕ್ಷತೆಯ ತಪಾಸಣೆ. ದೂರು ಕೊಟ್ಟವರನ್ನು ಗಡೀಪಾರು ಮಾಡೋದಿಲ್ಲ ಎಂಬ ಭರವಸೆ ಕಾನೂನಿನಲ್ಲೇ ಇರಬೇಕು. 2023ರಲ್ಲಿ ಬೈಡನ್ ಸರ್ಕಾರ ಅಂಥವರಿಗೆ ತಾತ್ಕಾಲಿಕ ರಕ್ಷಣೆಯ ದಾರಿ ಸುಲಭ ಮಾಡಿತ್ತು. ಆದರೆ ಅದು ಆಡಳಿತದ ಕೃಪೆಯಷ್ಟೇ, ಹಕ್ಕಲ್ಲ.

"ನಾವು ಕ್ಯೂನಲ್ಲಿ ನಿಂತು ಬಂದೋರು, ಅವರು ಹೋಗ್ಲಿ ಬಿಡಪ್ಪ" ಅಂತ ನಮ್ಮ ಬ್ಯಾಚ್‌ನ ವಾಟ್ಸಾಪ್ ಗ್ರೂಪಲ್ಲಿ ಒಬ್ಬ ಬರೆದಿದ್ದ. ಅವನ ಎಚ್-1ಬಿ ಕೂಡ ಮಾಲೀಕನ ಅರ್ಜಿಯ ಮೇಲೇ ನಿಂತಿದೆ. ಕೆಲಸ ಹೋದರೆ ಅವನಿಗಿರೋದು ಹೆಚ್ಚೆಂದರೆ 60 ದಿನ. ಬಾಸ್‌ಗೆ ಎದುರು ಮಾತಾಡೋಕೆ ಅವನೂ ಎರಡು ಸಲ ಯೋಚಿಸ್ತಾನೆ.